ಕುಣಿಕೆಯೊಳಗಿನ ಬಳೆ

ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಕೈವಾರದ ನಮ್ಮ ಬೀದಿಗೆ ಬಳೆಗಾರ ಬರುತ್ತಿದ್ದ. ಹೆಗಲ ಮೇಲಿನ ಮಲಾರ ಇಳಿಸಿ ನಮ್ಮ ಮನೆ ಜಗಲಿಯ ಮೇಲೆ ಕೂತನೆಂದರೆ ಅಕ್ಕಪಕ್ಕದ ಹೆಂಗಸರೆಲ್ಲ ಕೈಲಿದ್ದ ಕೆಲಸ ಬಿಟ್ಟು ಬಂದು ಸುತ್ತ ಕೂರುತ್ತಿದ್ದರು. ನನಗಾಗ ಎಂಟು ವರ್ಷ. ಹಬ್ಬಕ್ಕೆಂದು ತವರಿಗೆ ಬಂದಿದ್ದ ನಮ್ಮ ಸೋದರತ್ತೆ ಹಸಿರು ಗಾಜಿನ ಬಳೆಗಳನ್ನು ಮೆಚ್ಚಿಕೊಂಡಳು. ಅವಳದು ಹೊಲದಲ್ಲಿ ದುಡಿದ ಕೈ. ಗೆಣ್ಣು ದಪ್ಪ, ಅಂಗೈ ಅಗಲ. ಆ ಬಳೆ ನೋಡಿದರೆ ನನ್ನ ಕೈಗೆ ಸರಿಹೋಗುವ ಹಾಗಿತ್ತು.

"ಇದು ನನಗೆ ಹಿಡಿಸಲ್ಲ ಬಿಡಪ್ಪ, ದೊಡ್ಡ ಅಳತೆ ತೆಗಿ."

"ಹಿಡಿಸ್ತದೆ ತಾಯಿ, ಕೈ ಕೊಡಿ ಇಲ್ಲಿ."

ಅತ್ತೆಯ ಎಡಗೈಯನ್ನು ಅವನು ತನ್ನ ಎರಡೂ ಕೈಗೆ ತೆಗೆದುಕೊಂಡ. ಹೆಬ್ಬೆರಳನ್ನು ಮಡಿಸಿ ಅಂಗೈಯ ಒಳಕ್ಕೆ ಒತ್ತಿದ. ಉಳಿದ ನಾಲ್ಕು ಬೆರಳನ್ನು ಮೊಗ್ಗಿನಂತೆ ಕೂಡಿಸಿ ಹಿಡಿದ. ಅವನ ಕಣ್ಣು ಮಾತ್ರ ಕೈಯ ಮೇಲಿರಲಿಲ್ಲ, ಅತ್ತೆಯ ಮುಖದ ಮೇಲಿತ್ತು. "ನಿಮ್ಮ ಕಡೆ ಮಳೆ ಹೆಂಗಮ್ಮ ಈ ಸಲ? ರಾಗಿ ಪೈರು ಎದ್ದವಾ? ನಿಮ್ಮತ್ತೆಗೆ ಮಂಡಿನೋವು ಅಂತಿದ್ರಿ, ಹೆಂಗವ್ರೆ ಈಗ?" ಅತ್ತೆ ತನ್ನ ಅತ್ತೆಯ ಮಂಡಿನೋವಿನ ಕಥೆ ತೆಗೆದಳು. ಯಾವ ಎಣ್ಣೆ ಹಚ್ಚಿದರು, ಯಾವ ಡಾಕ್ಟರ ಹತ್ತಿರ ಹೋದರು, ಎಲ್ಲ ಬಂತು. ಕಥೆ ಮುಗಿಯುವಷ್ಟರಲ್ಲಿ ಆರು ಬಳೆ ಅವಳ ಮುಂಗೈ ಮೇಲೆ ಕೂತಿದ್ದವು. ಬಳೆ ಗೆಣ್ಣು ದಾಟಿದ್ದು ಅವಳಿಗೆ ಗೊತ್ತಾಗಿರಲಿಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದ ನನಗೂ ಗೊತ್ತಾಗಲಿಲ್ಲ, ಯಾಕೆಂದರೆ ನಾನೂ ಆ ಮಂಡಿನೋವಿನ ಕಥೆ ಕೇಳುತ್ತಿದ್ದೆ.

"ಹೆಂಗ್ ಹಾಕಿದ್ರಿ ತಾತ?" ಅಂದೆ.

"ಕೈ ಹೆದರಿಕೊಂಡ್ರೆ ಬಿಗೀತದೆ ಕಣಪ್ಪ. ಬಿಗಿದ್ರೆ ಬಳೆ ಒಡೀತದೆ. ಮಾತಾಡಿಸಿದ್ರೆ ಕೈ ತಾನಾಗೇ ಸಡ್ಲ ಬಿಡ್ತದೆ."

ಮುಂದೆ ಎಷ್ಟೋ ವರ್ಷ ನಾಣ್ಯ, ದಾರ, ಬೆಂಕಿಪೊಟ್ಟಣ ಹಿಡಿದು ಸಣ್ಣಪುಟ್ಟ ಜಾದು ಕಲಿತೆ, ಮಕ್ಕಳಿಗೂ ಕಲಿಸಿದೆ. ಆ ಜಗಲಿಯ ಮೇಲೆ ಕೇಳಿದ ಮಾತಿಗಿಂತ ದೊಡ್ಡ ಪಾಠ ನನಗೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಗಾರುಡಿ, ಮೋಡಿ, ಇಂದ್ರಜಾಲ, ಯಕ್ಷಿಣಿ ಎಂದೆಲ್ಲ ಹೆಸರಿರುವ ಈ ವಿದ್ಯೆಗೆ ಕನ್ನಡ ಕೊಟ್ಟ ಅತ್ಯುತ್ತಮ ಹೆಸರು ಕಣ್ಕಟ್ಟು. ಕಣ್ಣಿಗೆ ಬಟ್ಟೆ ಕಟ್ಟದೆಯೇ ಕಣ್ಣು ಕಟ್ಟುವುದು. ಕಟ್ಟುವ ದಾರ ಯಾವುದು ಎಂದು ಕೇಳಿದರೆ ನಾನು ಆ ಬಳೆಗಾರನ ಮಾತನ್ನೇ ತೋರಿಸುತ್ತೇನೆ.

ಬಳೆಗಾರನ ಮೇಲೆ ನಮ್ಮೂರಿಗೆ ಬೇರೆಯದೇ ಒಂದು ಗೌರವವೂ ಇದೆ. ಚಿಂತಾಮಣಿ ತಾಲೂಕಿನ ಈ ಊರನ್ನು ಹಿರಿಯರು ಮಹಾಭಾರತದ ಏಕಚಕ್ರಪುರವೆನ್ನುತ್ತಾರೆ. ಭೀಮ ಬಕಾಸುರನನ್ನು ಕೊಂದದ್ದು ಇಲ್ಲಿನ ಬೆಟ್ಟದಲ್ಲಿ ಎನ್ನುತ್ತಾರೆ. ಆದರೆ ಊರಿನ ಹೆಸರು ಹೇಳಿದೊಡನೆ ಜನ ಕೈಮುಗಿಯುವುದು ಕೈವಾರ ತಾತಯ್ಯನವರಿಗೆ. ಯೋಗಿ ನಾರೇಯಣ ಯತೀಂದ್ರರು. ತೆಲುಗು, ಕನ್ನಡ ಎರಡರಲ್ಲೂ ಹಾಡು ಕಟ್ಟಿದವರು, ಕಾಲಜ್ಞಾನ ಬರೆದವರು. ಯೋಗಿಯಾಗುವ ಮೊದಲು ಅವರು ಮಲಾರ ಹೊತ್ತು ಊರೂರು ತಿರುಗಿ ಬಳೆ ಮಾರುತ್ತಿದ್ದವರು. ಗುರು ಪರದೇಶಿ ಸ್ವಾಮಿ ಒಂದು ಕಲ್ಲಿನ ಹರಳು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ಜಪ ಮಾಡು, ಕಲ್ಲುಸಕ್ಕರೆಯಾದ ದಿನ ನಿನ್ನ ಸಾಧನೆ ಮುಗಿಯಿತೆಂದು ತಿಳಿ ಅಂದರಂತೆ. ಗುರುಪೂರ್ಣಿಮೆಗೆ ಮಠದಲ್ಲಿ ಮೂರು ದಿನ ಹಗಲೂ ರಾತ್ರಿ ಸಂಗೀತ ನಡೆಯುವಾಗ ಮಂಟಪದ ಮೂಲೆಯಲ್ಲಿ ಕೂತು ಅಜ್ಜಿ ನನಗೆ ಹೇಳಿದ ಕಥೆ ಅದು.

ಕಲ್ಲನ್ನು ಕಲ್ಲುಸಕ್ಕರೆ ಮಾಡಿ ತೋರಿಸುವುದು ಬೆರಳ ಕೆಲಸದಲ್ಲಿ ಬಹಳ ಸುಲಭ. ಬಿಳಿ ಹರಳು, ಬಿಳಿ ಸಕ್ಕರೆ, ಎರಡೂ ಒಂದೇ ಗಾತ್ರ. ಹೊಸದಾಗಿ ಕಲಿಯುವವನೂ ಎರಡು ದಿನದಲ್ಲಿ ಮಾಡಬಹುದು. ನಾನು ಮಾತ್ರ ಆ ಆಟವನ್ನು ಎಂದೂ ಆಡಿಲ್ಲ. ವರ್ಷಗಟ್ಟಲೆ ಗುಹೆಯಲ್ಲಿ ಜಪಕ್ಕೆ ಕೂತ ತಾತಯ್ಯನವರ ಕಥೆಯನ್ನು ಎರಡು ಬೆರಳ ನಡುವೆ ತರಲು ಮನಸ್ಸು ಒಪ್ಪುವುದಿಲ್ಲ. ನನ್ನ ವಿದ್ಯೆಗೆ ಅವರ ಹಿಂದಿನ ಕಸುಬಿನ ಬಳೆ ಸಾಕು.

ಬಳೆಯ ಆಟವನ್ನೇ ಮೊದಲು ಹೇಳುತ್ತೇನೆ. ಕಲಿಯಲು ಬಂದವರಿಗೆ ನಾನು ಮೊದಲು ಕೊಡುವುದೂ ಅದನ್ನೇ. ಬೇಕಾದದ್ದು ಒಂದು ಬಳೆ, ಎರಡು ಮೊಳ ಹುರಿ, ಮೇಲೆ ಮುಚ್ಚಲು ಒಂದು ಟವೆಲ್ಲು. ಗಾಜಿನ ಬಳೆ ಬೇಡ, ಕೈತಪ್ಪಿದರೆ ಒಡೆಯುತ್ತದೆ. ಲೋಹದ್ದೋ ಪ್ಲಾಸ್ಟಿಕ್ಕಿನದೋ ಇರಲಿ. ನೋಡುವವರ ಕೈಯ ಬಳೆಯನ್ನೇ ಕೇಳಿ ತೆಗೆದುಕೊಂಡರೆ ಇನ್ನೂ ಚೆಂದ. ಹುರಿಯನ್ನು ನಡುವಿಗೆ ಮಡಿಸಿ. ಮಡಿಕೆಯ ಕಡೆಯನ್ನು ಬಳೆಯೊಳಗೆ ತೂರಿಸಿದರೆ ಆಚೆ ಒಂದು ಕುಣಿಕೆ ಬರುತ್ತದೆ. ಹುರಿಯ ಎರಡೂ ತುದಿಗಳನ್ನು ಆ ಕುಣಿಕೆಯೊಳಗೆ ಹಾಯಿಸಿ ಎಳೆಯಿರಿ. ಬಳೆ ಹುರಿಗೆ ಬಿಗಿಯಾಗಿ ಕಚ್ಚಿಕೊಂಡು ತೂಗುತ್ತದೆ. ಈಗ ಒಂದೊಂದು ತುದಿಯನ್ನು ಒಬ್ಬೊಬ್ಬರ ಕೈಗೆ ಕೊಟ್ಟು, ಪ್ರಾಣ ಹೋದರೂ ಬಿಡಬೇಡಿ ಎನ್ನಿ. ಬಳೆ ಹೊರಗೆ ಬರಬೇಕಾದರೆ ತುದಿ ಬಿಡಲೇಬೇಕು ಎಂದು ಎಲ್ಲರ ಕಣ್ಣೂ ಹೇಳುತ್ತಿರುತ್ತದೆ.

ಟವೆಲ್ಲಿನಿಂದ ಬಳೆಯನ್ನು ಮುಚ್ಚಿ, ಎರಡೂ ಕೈಯನ್ನು ಒಳಗೆ ಹಾಕಿ. ಗಂಟನ್ನು ಸ್ವಲ್ಪ ಸಡಿಲಿಸಿ, ಕುಣಿಕೆಯನ್ನು ಅಗಲ ಮಾಡಿ, ಅದನ್ನು ಬಳೆಯ ಒಂದು ಬದಿಯಿಂದ ಎತ್ತಿ ಇಡೀ ಬಳೆಯನ್ನು ದಾಟಿಸಿಬಿಡಿ. ಅಷ್ಟೇ. ಬಳೆ ಕೈಗೆ ಬಂತು. ತುದಿಗಳು ಹಿಡಿದವರ ಕೈಯಲ್ಲೇ ಇವೆ.

ಇದರಲ್ಲಿ ಕೈಚಳಕವೆಂಬುದು ಏನೂ ಇಲ್ಲ. ನಾವು ತುದಿಗಳನ್ನು ಕುಣಿಕೆಯೊಳಗೆ ಹಾಯಿಸಿದೆವು. ತುದಿಗಳ ಬದಲು ಬಳೆಯನ್ನೇ ಆ ಕುಣಿಕೆಯೊಳಗೆ ಹಾಯಿಸಿದ್ದರೂ ಇದೇ ಗಂಟು ಬೀಳುತ್ತಿತ್ತು. ಹಾಗಿದ್ದ ಮೇಲೆ ಬಿಚ್ಚುವ ದಾರಿಯೂ ಎರಡು. ನೋಡುವವನು ತಾನು ಕಂಡ ದಾರಿಯೊಂದನ್ನೇ ಕಾವಲು ಕಾಯುತ್ತಾನೆ. ನಾನು ಈ ಆಟವನ್ನು ಸಾವಿರ ಸಲವಾದರೂ ಆಡಿರಬೇಕು. ಕುಣಿಕೆ ಬಳೆಯ ಅಂಚನ್ನು ಜಾರಿ ದಾಟುವ ಆ ಗಳಿಗೆಯಲ್ಲಿ, ಟವೆಲ್ಲಿನ ಕತ್ತಲೆಯೊಳಗೆ ನನ್ನ ಬೆರಳಿಗೆ ಮಾತ್ರ ತಿಳಿಯುವ ಒಂದು ಸಣ್ಣ ಜಾರಿಕೆ ಇದೆ. ಅದರ ಸುಖ ಇವತ್ತಿಗೂ ಹಳೆಯದಾಗಿಲ್ಲ.

ಎರಡು ಸಾವಿರ ವರ್ಷದ ಹಿಂದೆ ರೋಮಿನ ದಾರ್ಶನಿಕ ಸೆನೆಕ ಒಂದು ಪತ್ರದಲ್ಲಿ ಬಟ್ಟಲು ಮತ್ತು ಹರಳಿನ ಆಟದ ಮಾತೆತ್ತುತ್ತಾನೆ. ಬಟ್ಟಲುಗಳ ಕೆಳಗೆ ಹರಳು ಬಂದುಹೋಗುವ ಆ ಆಟವನ್ನು ನಮ್ಮ ಸಂತೆಗಳಲ್ಲಿ ಗಾರುಡಿಗರೂ ಆಡುತ್ತಿದ್ದರು. ಅದರ ಮೋಸವೇ ನನಗೆ ಸಂತೋಷ, ಹೇಗೆಂದು ತೋರಿಸಿಬಿಟ್ಟರೆ ಆಸಕ್ತಿ ಹೋಗಿಬಿಡುತ್ತದೆ ಎಂಬರ್ಥದಲ್ಲಿ ಅವನು ಬರೆದ. ದೊಡ್ಡವನ ಮಾತು, ಆದರೂ ನಾನು ಒಪ್ಪುವುದಿಲ್ಲ. ಅವನು ನೋಡಿದವನು, ಆಡಿದವನಲ್ಲ. ವೀಣೆಯ ಮೆಟ್ಟಿಲು ಎಲ್ಲಿದೆ ಎಂದು ತಿಳಿದ ಮೇಲೆ ವೀಣೆ ಕೇಳುವ ಆಸೆ ಯಾರಿಗಾದರೂ ಕಡಿಮೆಯಾಗುತ್ತದೆಯೇ? ಗುಟ್ಟು ತಿಳಿದ ದಿನ ಬೆರಗು ಕಣ್ಣಿನಿಂದ ಇಳಿದು ಕೈಗೆ ಬರುತ್ತದೆ. ಕೈಗೆ ಬಂದ ಬೆರಗು ಬೇಗ ಬಿಟ್ಟುಹೋಗುವುದಿಲ್ಲ.

ನಾಣ್ಯದ ಆಟ ನನಗೆ ಇದನ್ನು ಕಲಿಸಿತು. ಎಡಗೈಯಲ್ಲಿರುವ ನಾಣ್ಯವನ್ನು ಬಲಗೈಗೆ ತೆಗೆದುಕೊಂಡಂತೆ ಮಾಡಿ ಎಡಗೈಯಲ್ಲೇ ಉಳಿಸಿಕೊಳ್ಳುವುದು, ಆಮೇಲೆ ಬಲಮುಷ್ಟಿ ಬಿಚ್ಚಿ ಬರಿಗೈ ತೋರಿಸುವುದು. ಜಗತ್ತಿನ ಎಲ್ಲ ಜಾದೂಗಾರರೂ ಅಕ್ಷರಾಭ್ಯಾಸ ಮಾಡುವುದು ಇದರಲ್ಲೇ. ಎಡ ಅಂಗೈ ಮೇಲಾಗಿರಲಿ. ಹೆಬ್ಬೆರಳು ಮತ್ತು ನಡುಬೆರಳ ತುದಿಯಲ್ಲಿ ನಾಣ್ಯದ ಅಂಚನ್ನು ಹಿಡಿಯಿರಿ. ಬಲಗೈ ಬಂದು, ಅದರ ಹೆಬ್ಬೆರಳು ನಾಣ್ಯದ ಕೆಳಗೂ ಉಳಿದ ಬೆರಳು ಮೇಲೂ ಹೋಗಿ, ನಾಣ್ಯ ಕ್ಷಣಕಾಲ ಮರೆಯಾಗುತ್ತದೆ. ಆ ಮರೆಯಲ್ಲಿ ಎಡಗೈ ಹಿಡಿತ ಸಡಿಲಿಸಿದರೆ ನಾಣ್ಯ ತನ್ನ ತೂಕಕ್ಕೆ ತಾನೇ ಎಡಗೈ ಬೆರಳುಗಳ ಬುಡಕ್ಕೆ ಜಾರುತ್ತದೆ. ಬಲಗೈ ಮುಚ್ಚಿಕೊಂಡು ಮುಂದೆ ಹೋಗುತ್ತದೆ. ನಿಮ್ಮ ಕಣ್ಣೂ ಅದರ ಹಿಂದೆ ಹೋಗಬೇಕು.

ಓದಿದರೆ ಹತ್ತು ನಿಮಿಷದ ವಿದ್ಯೆ. ನನಗೆ ಒಂದು ವರ್ಷ ಹಿಡಿಯಿತು. ಕನ್ನಡಿಯ ಮುಂದೆ ದಿನಾ ನಿಲ್ಲುತ್ತಿದ್ದೆ. ದಿನಾ ನನಗೇ ಮೋಸ ಕಾಣುತ್ತಿತ್ತು. ಎಲ್ಲಿ ತಪ್ಪುತ್ತಿದೆ ಎಂದು ತಿಳಿಯದೆ ಬೇಸತ್ತು, ಒಂದು ಸಂಜೆ ಸುಮ್ಮನೆ ನಾಣ್ಯವನ್ನು ನಿಜವಾಗಿಯೇ ಎಡಗೈಯಿಂದ ಬಲಗೈಗೆ ತೆಗೆದುಕೊಂಡೆ. ಮತ್ತೆ ತೆಗೆದುಕೊಂಡೆ. ಆಗ ಕನ್ನಡಿಯಲ್ಲಿ ನನ್ನ ಕೈ ಮೊದಲ ಸಲ ಕಾಣಿಸಿತು. ನಾಣ್ಯ ನಿಜವಾಗಿ ಇದ್ದಾಗ ಬಲಮುಷ್ಟಿ ಬಿಗಿಯುವುದಿಲ್ಲ, ಮೊಟ್ಟೆ ಹಿಡಿದಂತೆ ಸಡಿಲವಾಗಿರುತ್ತದೆ. ನಾನು ಸುಳ್ಳು ಮಾಡುವಾಗ ಬಿಗಿಯಾಗಿ ಮುಚ್ಚುತ್ತಿದ್ದೆ. ಕೊಟ್ಟು ಮುಗಿಸಿದ ಎಡಗೈ ಕೆಲಸ ಮುಗಿದವನಂತೆ ತೊಡೆಯ ಪಕ್ಕಕ್ಕೆ ಇಳಿಯುತ್ತದೆ. ನನ್ನದು ಗಾಳಿಯಲ್ಲೇ ಮರಗಟ್ಟಿ ನಿಲ್ಲುತ್ತಿತ್ತು. ನಾಣ್ಯ ತೆಗೆದುಕೊಳ್ಳುವುದೆಂಬ ಕೆಲಸವನ್ನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದೆ, ಒಮ್ಮೆಯೂ ಅದನ್ನು ನೋಡಿರಲಿಲ್ಲ. ಅಲ್ಲಿಂದ ಮೂರು ತಿಂಗಳು ಬರೀ ನಿಜವನ್ನೇ ಅಭ್ಯಾಸ ಮಾಡಿದೆ. ಕೈವಾರ ಕ್ರಾಸಿನಲ್ಲಿ ಚಿಂತಾಮಣಿ ಬಸ್ಸಿಗೆ ಕಾಯುವಾಗೆಲ್ಲ ಅದೇ ಕೆಲಸ. ಹತ್ತು ಸಲ ನಿಜ, ಹನ್ನೊಂದನೆಯದು ಸುಳ್ಳು. ಹನ್ನೊಂದನೆಯದು ಯಾವುದೆಂದು ನನ್ನ ಕೈಗೇ ಗುರುತು ಸಿಗದಷ್ಟು ಒಂದಾಗುವ ತನಕ.

ಇದಕ್ಕೆ ಒಳ್ಳೆಯ ನಾಣ್ಯವೆಂದರೆ ಹಳೆಯ ದಪ್ಪನೆಯ ಐದು ರೂಪಾಯಿ. 9 ಗ್ರಾಂ ತೂಕ, ಅಂಚಿನಲ್ಲಿ ಕೊರೆದ ಗೆರೆ. ಬೆರಳು ಸಡಿಲಿಸಿದೊಡನೆ ಹೇಳಿದ ಜಾಗಕ್ಕೆ ಬೀಳುತ್ತದೆ. ಈಗಿನ ಹಗುರ ನಾಣ್ಯಗಳು ಅಷ್ಟು ಮಾತು ಕೇಳುವುದಿಲ್ಲ. ಹತ್ತಿಪ್ಪತ್ತು ಹಳೆಯವನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದೇನೆ. ಕಲಿಯುವ ಮಕ್ಕಳಿಗೆ ಒಂದೊಂದು ಕೊಡುತ್ತೇನೆ.

ಬರಿಗೈಯಿಂದ ವಸ್ತು ತೆಗೆದು ತೋರಿಸಿ, ಇದು ನನ್ನ ದೈವಶಕ್ತಿ ಎನ್ನುವವರ ಮಾತು ಇಲ್ಲಿ ಬಂದೇ ಬರುತ್ತದೆ. ಆ ಪ್ರಶ್ನೆಯನ್ನು ನಾಡಿನ ಮುಂದೆ ನೇರವಾಗಿ ಇಟ್ಟವರು ನಮ್ಮ ಸೀಮೆಯವರೇ, ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು. ಬಡ ಮನೆಯ ಹುಡುಗ ಓದಿಗಾಗಿ ನಡೆದೇ ಬೆಂಗಳೂರು ಸೇರಿ, ಭೌತವಿಜ್ಞಾನದ ಮೇಷ್ಟ್ರಾಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಆ ಹುದ್ದೆಯಲ್ಲಿದ್ದಾಗಲೇ 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಉಂಗುರ, ಸರ ಸೃಷ್ಟಿಸುವವರು ಒಂದು ಕುಂಬಳಕಾಯಿ ಸೃಷ್ಟಿಸಿ ತೋರಿಸಲಿ ಎಂಬ ಅವರ ಸವಾಲು ಮನೆಮಾತಾಯಿತು.

ಜನ ಅದನ್ನು ತಮಾಷೆಯ ಮಾತೆಂದು ನೆನೆಯುತ್ತಾರೆ. ಕೈಯಲ್ಲಿ ನಾಣ್ಯ ಹಿಡಿದವನಿಗೆ ಅದು ವಿದ್ಯೆಯ ತಿರುಳು ಗೊತ್ತಿದ್ದವರ ಮಾತು. ಈ ಕಲೆ ನಿಂತಿರುವುದೇ ಗಾತ್ರದ ಮೇಲೆ. ಬೆರಳ ಬುಡದಲ್ಲಿ ಅಡಗುವುದು, ತೋಳಿನೊಳಗೆ ಜಾರುವುದು, ಎರಡು ಬೆರಳ ಸಂದಿಯಲ್ಲಿ ನಿಲ್ಲುವುದು ಮಾತ್ರ ನಮ್ಮ ಅಂಕೆಗೆ ಸಿಗುತ್ತದೆ. ಕುಂಬಳಕಾಯಿಗೆ ಅಂಗೈಯಲ್ಲಿ ಜಾಗವಿಲ್ಲ.

ಇಂಗ್ಲೆಂಡಿನಲ್ಲಿ 1584ರಲ್ಲೇ ರೆಜಿನಾಲ್ಡ್ ಸ್ಕಾಟ್ ಎಂಬುವನು ಮಾಟಗಾತಿಯರೆಂದು ಬಡ ಹೆಂಗಸರನ್ನು ಕೊಲ್ಲುವುದನ್ನು ಸಹಿಸಲಾರದೆ ದೊಡ್ಡದೊಂದು ಪುಸ್ತಕ ಬರೆದ. ನಾಣ್ಯ ಮಾಯವಾಗುವುದು ಹೇಗೆ, ದಾರ ಕೂಡುವುದು ಹೇಗೆ ಎಂದು ಅದರಲ್ಲಿ ಬಿಡಿಸಿ ಹೇಳಿದ. ಜಾದುವಿನ ಗುಟ್ಟನ್ನು ಮೊದಮೊದಲು ಅಚ್ಚಿನಲ್ಲಿ ಹೇಳಿದ ಪುಸ್ತಕಗಳಲ್ಲಿ ಅದೂ ಒಂದು, ಅದನ್ನು ಬರೆಯಿಸಿದ್ದು ಕರುಣೆ ಎನ್ನುವುದು ನನಗೆ ಬಹಳ ಪ್ರಿಯವಾದ ಸಂಗತಿ. ನಾನು ಮೇಷ್ಟ್ರು. ಆಟ ಆಡಿಸುವ ಮೊದಲು, ಮಕ್ಕಳೇ ನಾನೀಗ ನಿಮ್ಮ ಕಣ್ಣು ಕಟ್ಟುತ್ತೇನೆ, ಇದರಲ್ಲಿ ಮಂತ್ರವಿಲ್ಲ ಎಂದು ಹೇಳಿಯೇ ಶುರು ಮಾಡುತ್ತೇನೆ. ಕಲಿಯಬೇಕೆಂದವರಿಗೆ ಗುಟ್ಟೂ ಹೇಳುತ್ತೇನೆ, ಒಂದು ವಾರ ಅಭ್ಯಾಸ ಮಾಡಿ ತೋರಿಸುವ ಕರಾರಿನ ಮೇಲೆ. ಬರೀ ಗುಟ್ಟು ಕೇಳಿಕೊಂಡು ಹೋದವರಿಗೆ ಅದು ಕಡಲೆಕಾಯಿ ಸಿಪ್ಪೆಯಷ್ಟೇ. ಬೀಜ ಇರುವುದು ಆ ಒಂದು ವಾರದಲ್ಲಿ.

ಭೌತವಿಜ್ಞಾನದ ಮೇಷ್ಟ್ರು ನರಸಿಂಹಯ್ಯನವರ ನೆನಪಿಗೆ ತರಗತಿಯಲ್ಲಿ ನಾನು ಆಡಿಸುವ ಒಂದು ಆಟವಿದೆ. ಮೇಜಿನ ಮೇಲೆ ನಾಣ್ಯ, ನಾಣ್ಯದ ಮೇಲೆ ಖಾಲಿ ಗಾಜಿನ ಲೋಟ. ಪಕ್ಕದಿಂದ ನೋಡಿದರೆ ನಾಣ್ಯ ಚೆನ್ನಾಗಿ ಕಾಣುತ್ತದೆ. ಲೋಟದ ತುಂಬ ನೀರು ಸುರಿದು ಬಾಯಿಗೆ ಒಂದು ತಟ್ಟೆ ಮುಚ್ಚಿ. ನಾಣ್ಯ ಇಲ್ಲ. ಸುತ್ತ ಎಲ್ಲಿಂದ ಬಗ್ಗಿ ನೋಡಿದರೂ ಇಲ್ಲ. ನಾಣ್ಯದಿಂದ ಹೊರಟ ಬೆಳಕು ನೀರನ್ನು ಹೊಕ್ಕು ಲೋಟದ ಗೋಡೆಗೆ ತಾಕಿ, ಹೊರಬರಲಾರದೆ ಒಳಕ್ಕೇ ಹೊರಳಿ ಮೇಲೆ ಹೋಗುತ್ತದೆ. ಮೇಲೆ ತಟ್ಟೆ ಕಾದಿದೆ. ಒಂದೇ ಎಚ್ಚರಿಕೆ: ನಾಣ್ಯವೂ ಲೋಟದ ತಳವೂ ಒಣಗಿರಬೇಕು. ನಡುವೆ ಗಾಳಿಯ ಬದಲು ನೀರು ನಿಂತರೆ ನಾಣ್ಯ ಕಾಣಿಸಿಬಿಡುತ್ತದೆ. ಈ ಆಟದಲ್ಲಿ ಕಣ್ಣು ಕಟ್ಟುವುದು ನೀರೇ. ನನ್ನ ಕೈ ಸುಮ್ಮನಿರುತ್ತದೆ.

ಬೆಂಕಿಪೊಟ್ಟಣದ ಆಟ ಕಿವಿಯದು. ಮೇಜಿನ ಮೇಲೆ ಮೂರು ಪೊಟ್ಟಣ, ಮೂರೂ ಖಾಲಿ. ನಾಲ್ಕನೆಯದರಲ್ಲಿ ಅರ್ಧದಷ್ಟು ಕಡ್ಡಿ ಇಟ್ಟು, ರಬ್ಬರ್ ಬ್ಯಾಂಡಿನಿಂದ ಬಲಗೈಗೆ ಕಟ್ಟಿ, ತುಂಬುತೋಳಿನ ಅಂಗಿಯೊಳಗೆ ಮರೆಮಾಡಿಕೊಳ್ಳಬೇಕು. ಪೂರ್ತಿ ತುಂಬಿದ ಪೊಟ್ಟಣ ಸದ್ದು ಮಾಡುವುದಿಲ್ಲ, ಅದು ನೆನಪಿರಲಿ. ಬಲಗೈಯಲ್ಲಿ ಖಾಲಿ ಪೊಟ್ಟಣ ಎತ್ತಿ ಅಲ್ಲಾಡಿಸಿದರೆ ಕಡ್ಡಿಗಳ ಸದ್ದು. ಎಡಗೈಯಲ್ಲಿ ಅಲ್ಲಾಡಿಸಿದರೆ ಮೌನ. ತುಂಬಿದ್ದು ಯಾವುದು ನೋಡಿಕೊಳ್ಳಿ ಎಂದು ಮೂರನ್ನೂ ಅದಲುಬದಲು ಮಾಡಿದರೆ ಎಲ್ಲರೂ ಒಂದರ ಮೇಲೆ ಕಣ್ಣು ನೆಟ್ಟು ಕೂರುತ್ತಾರೆ. ಅವರು ಯಾವುದನ್ನು ತೋರಿಸಿದರೂ ಅದು ಖಾಲಿ.

ಶಿಡ್ಲಘಟ್ಟದ ಹತ್ತಿರ ಒಂದು ಶಾಲೆಯಲ್ಲಿದ್ದಾಗ ಮೂರನೆಯ ತರಗತಿಯ ಒಬ್ಬ ಹುಡುಗಿ ಈ ಆಟದ ನಡುವೆ ಎದ್ದು ನಿಂತಳು. "ಮೇಷ್ಟ್ರೇ, ನಾನು ಅಲ್ಲಾಡಿಸ್ತೀನಿ ಕೊಡಿ" ಅಂದಳು. ದೊಡ್ಡವರು ಯಾರೂ ಹಾಗೆ ಕೇಳಿರಲಿಲ್ಲ. ದೊಡ್ಡವರಿಗೆ ಎಲ್ಲಿ ತೋರಿಸಿದರೆ ಅಲ್ಲಿ ನೋಡುವ ಅಭ್ಯಾಸ ಬಿದ್ದುಹೋಗಿರುತ್ತದೆ. ಮಕ್ಕಳ ಕಣ್ಣು ತನಗಿಷ್ಟ ಬಂದ ಕಡೆ ಅಲೆಯುತ್ತದೆ. ಹೊಸಬರು ಮಕ್ಕಳ ಮುಂದೆ ಸುಲಭವೆಂದು ಹೋಗಿ ಸೋಲುವುದು ಇದರಿಂದಲೇ. ನಾನು ಪೊಟ್ಟಣವನ್ನು ಅವಳ ಕೈಗೆ ಕೊಟ್ಟೆ. ಅಲ್ಲಾಡಿಸಿದಳು, ಸದ್ದಿಲ್ಲ. ತೆರೆದಳು, ಏನೂ ಇಲ್ಲ. ನನ್ನ ಮುಖ ನೋಡಿದಳು, ಆಮೇಲೆ ಮೆಲ್ಲಗೆ ನನ್ನ ತೋಳು ನೋಡಿದಳು. ನಾನು ಅಂಗಿಯ ತೋಳು ಮಡಿಸಿ ಇಡೀ ತರಗತಿಗೆ ಪೊಟ್ಟಣ ತೋರಿಸಿದೆ. ಅಂದಿನಿಂದ ಆ ಹುಡುಗಿ ನನ್ನ ಶಿಷ್ಯೆ. ಬಳೆ ಕುಣಿಕೆಯನ್ನು ಎರಡೇ ದಿನದಲ್ಲಿ ಕಲಿತಳು, ಅದೂ ಟವೆಲ್ಲಿನ ಬದಲು ತನ್ನ ಲಂಗದ ಅಂಚಿನ ಮರೆಯಲ್ಲಿ.

ಅವಳಿಗೆ ದಾರದ ಮೇಲೆ ಪ್ರೀತಿ ಹೆಚ್ಚು. ಇರಲೇಬೇಕು, ತಾಯಿ ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಶಿಡ್ಲಘಟ್ಟವೆಂದರೆ ಗೂಡಿನ ಊರು, ಗೂಡಿನ ಮಾರುಕಟ್ಟೆಯ ಊರು. ಗಲ್ಲಿಗಲ್ಲಿಯಲ್ಲೂ ಚರಕದ ಸದ್ದು, ಬೆಂದ ಹುಳದ ವಾಸನೆ. ಒಂದು ಶನಿವಾರ ಮಧ್ಯಾಹ್ನ ಹುಡುಗಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ಬಿಸಿನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿದ್ದವು. ಆ ತಾಯಿ ನೀರಿಗೆ ಬೆರಳು ಅದ್ದಿ, ಮೇಲಿನ ಜುಂಗು ತೆಗೆದು, ಒಂದೊಂದು ಗೂಡಿನ ಎಳೆಯ ತುದಿ ಹಿಡಿಯುತ್ತಿದ್ದರು. ಬೆರಳ ತುದಿಗಳು ನೀರಿನಲ್ಲಿ ನೆಂದು ನೆಂದು ಬೆಳ್ಳಗೆ ಸುಕ್ಕುಗಟ್ಟಿದ್ದವು. ಒಳ್ಳೆಯ ದ್ವಿತಳಿ ಗೂಡೊಂದರಲ್ಲಿ ಸಾವಿರ ಮೀಟರಿಗೂ ಮೇಲೆ ಒಂದೇ ಎಳೆ ಇರುತ್ತದೆ. ಅಂಥ ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗಿ ಮೇಲಿನ ರಾಟೆಗೆ ಓಡುತ್ತಿತ್ತು.

ನೋಡುತ್ತಿದ್ದಂತೆ ಒಂದು ಗೂಡಿನ ಎಳೆ ಕಿತ್ತುಹೋಯಿತು. ಚರಕ ನಿಲ್ಲಲಿಲ್ಲ. ಆಕೆ ಇನ್ನೊಂದು ಗೂಡಿನ ಎಳೆಯನ್ನು ಬೆರಳಲ್ಲಿ ಹಿಡಿದು ಓಡುವ ನೂಲಿನ ಕಡೆಗೆ ಪಟ್ಟನೆ ಒಂದು ಸಲ ಚಿಮ್ಮಿದರು. ಎಳೆ ನೂಲಿಗೆ ಅಂಟಿತು, ಒಂದಾಗಿ ಓಡಿತು. ಗಂಟಿಲ್ಲ. ಎಳೆಯ ಮೈಮೇಲಿನ ಸೆರಿಸಿನ್ ಎಂಬ ಅಂಟು ಬಿಸಿನೀರಿನಲ್ಲಿ ಮೃದುವಾಗಿ ಕೂಡಿಸಿಬಿಡುತ್ತದೆ. ನಾನು ಹರಿದ ದಾರ ಕೂಡಿಸಿದಂತೆ ತೋರಿಸುವವನು. ಆಕೆ ದಿನಕ್ಕೆ ಅದೆಷ್ಟು ಸಲವೋ ನಿಜವಾಗಿ ಕೂಡಿಸುತ್ತಿದ್ದರು. ಒಂದು ಗಂಟೆ ಹೊತ್ತು ಅಲ್ಲಿಂದ ಕದಲಲಿಲ್ಲ ನಾನು. ಆ ಚಿಮ್ಮುವಿಕೆಯನ್ನು ಹಿಡಿಯಬೇಕೆಂದು ಕಣ್ಣು ನೆಟ್ಟರೂ ಪ್ರತಿಸಲ ತಪ್ಪಿಹೋಗುತ್ತಿತ್ತು.

ಆ ವರ್ಷದ ಶಾಲಾ ವಾರ್ಷಿಕೋತ್ಸವದಲ್ಲಿ ತಾಯಂದಿರ ಮುಂದೆ ನಾನು ದಾರದ ಆಟವನ್ನೇ ಆಡಿದೆ. ಇದಕ್ಕೆ ರೇಷ್ಮೆ ಆಗದು, ಕೈಯಲ್ಲಿ ಕೀಳಹೋದರೆ ಬೆರಳು ಕುಯ್ಯುತ್ತದೆ. ಹೂ ಕಟ್ಟುವ ಹತ್ತಿ ದಾರವೇ ಸರಿ. ಒಂದು ಮೊಳದ ದಾರವನ್ನು ಮೊದಲೇ ಕಡಲೆಕಾಳಿಗಿಂತ ಚಿಕ್ಕ ಉಂಡೆ ಮಾಡಿ ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಮರೆಯಾಗಿಟ್ಟುಕೊಂಡಿದ್ದೆ. ಅಷ್ಟೇ ಉದ್ದದ ಇನ್ನೊಂದನ್ನು ಎಲ್ಲರ ಮುಂದೆ ಎತ್ತಿ ಹಿಡಿದು, ಎರಡು ತುಂಡು, ನಾಲ್ಕು ತುಂಡು, ಎಂಟು ತುಂಡು ಕಿತ್ತೆ. ತುಂಡುಗಳನ್ನು ಉಂಡೆ ಮಾಡಿ ಅದೇ ಬೆರಳಿಗೆ ತಂದು, ಉಂಡೆಗಳನ್ನು ಹಿಂದುಮುಂದು ಮಾಡಿ, ಇಡೀ ದಾರದ ತುದಿಯನ್ನು ಮೆಲ್ಲಗೆ ಎಳೆಯುತ್ತ ಹೋದೆ. ಎಳೆಯುವಾಗ ಬಳೆಗಾರನ ಹಾಗೆ ಮುಂದಿನ ಸಾಲಿನವರನ್ನು ಮಾತಿಗೆಳೆದೆ. ಅವರೆಕಾಯಿ ರೇಟು, ಟೊಮೆಟೊ ರೇಟು. ದಾರ ಇಡಿಯಾಗಿ ಬಂತು. ಚಪ್ಪಾಳೆ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಹುಡುಗಿಯ ತಾಯಿ ಮಗಳ ಕೈ ಹಿಡಿದು ಬಂದರು. "ಆ ದಾರ ಒಂದಿಷ್ಟು ಕೊಡಿ ಮೇಷ್ಟ್ರೇ, ನೋಡ್ತೀನಿ" ಅಂದರು. ಕೊಟ್ಟೆ. ದಾರವನ್ನು ಹಿಗ್ಗಿಸಿ ನೋಡಲಿಲ್ಲ. ಒಂದು ತುದಿಯನ್ನು ಉಗುರಿನ ಮೇಲಿಟ್ಟು ಇನ್ನೊಂದು ಉಗುರಿನಿಂದ ಸವರಿದರು. ಆಮೇಲೆ ಇನ್ನೊಂದು ತುದಿಯನ್ನೂ ಸವರಿದರು.

"ಇದು ಬೇರೆ ದಾರ, ಅಲ್ವಾ ಮೇಷ್ಟ್ರೇ?"

"ಹೆಂಗೆ ಗೊತ್ತಾಯ್ತಮ್ಮ?"

"ಮೊದ್ಲು ತೋರಿಸಿದ್ರಲ್ಲ, ಅದರ ತುದಿ ಕೈಯಲ್ಲಿ ಕಿತ್ತಿದ್ದು, ಪುಕ್ಕ ಬಂದಂಗಿತ್ತು. ಇದು ಕತ್ತರಿ ಹಾಕಿದ್ದು."

ನನ್ನ ಬೆರಳನ್ನು ನೋಡಿದಿರಾ ಎಂದು ಕೇಳಿದೆ. ಇಲ್ಲವಂತೆ. ಮಾತೂ ಕಿವಿಗೆ ಬಿದ್ದಿರಲಿಲ್ಲವಂತೆ. ಆಟ ಶುರುವಾದಾಗಿನಿಂದ ಮುಗಿಯುವ ತನಕ ಆಕೆ ನೋಡಿದ್ದು ದಾರದ ತುದಿಯೊಂದನ್ನೇ. ಮಗಳು ತಾಯಿಯ ಕೈಯಿಂದ ದಾರ ತೆಗೆದುಕೊಂಡು ತಾನೂ ಉಗುರಿನಿಂದ ಸವರಿ ನೋಡತೊಡಗಿದಳು.

ಈಗ ಆ ಆಟಕ್ಕೆ ಕೂರುವ ಮೊದಲು ಎರಡೂ ದಾರಗಳ ನಾಲ್ಕೂ ತುದಿಗಳನ್ನು ಕೈಯಲ್ಲೇ ಕಿತ್ತುಕೊಳ್ಳುತ್ತೇನೆ.